ಶಾಂತಾಳಿಗೆಂದು ಬಿಟ್ಟ ಜಾಗ

ದೆವ್ವ, ಶಕುನ, ಕನಸಿನ ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ನಕ್ಕು ಚಹಾ ತರಿಸುತ್ತಿದ್ದೆ. ನಾನು ಬಟ್ಟೆ ಅಂಗಡಿಯವನು; ಕೈಯಿಂದ ಮುಟ್ಟಿ ನೋಡದ ಸರಕನ್ನು ನಂಬುವವನಲ್ಲ. ಈಗಲೂ ಬೇರೆಯವರ ಇಂಥ ಕಥೆಗಳಿಗೆ ನಗುತ್ತೇನೆ. ಈ ಒಂದಕ್ಕೆ ಮಾತ್ರ ನಗು ಬರುವುದಿಲ್ಲ, ಯಾಕೆಂದರೆ ಆಗ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದವನು ನಾನೇ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಬಸವನ ಬಾಗೇವಾಡಿಯಲ್ಲಿ ನನ್ನ ಗೆಳೆಯ ಮಲ್ಲು ಗಿಟಾರ್ ಬಾರಿಸುತ್ತಿದ್ದ. ಸೊಲ್ಲಾಪುರಕ್ಕೆ ಓದಲು ಹೋದವನು ಡಿಗ್ರಿ ಅಲ್ಲೇ ಮರೆತು ಗಿಟಾರ್ ಹಿಡಿದುಕೊಂಡು ಬಂದ ಎಂದು ನಾವು ಅವನನ್ನು ಕಾಡುತ್ತಿದ್ದೆವು. ಅವನ ತಂಗಿ ಶಾಂತಾ ನುಡಿಸುತ್ತಿದ್ದುದು ಹವಾಯಿ ಗಿಟಾರ್: ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸುವಂಥದ್ದು. ಅಣ್ಣ ಎಷ್ಟೇ ಗದ್ದಲ ಮಾಡಲಿ, ಅವನು ಕೈ ತೆಗೆದ ಜಾಗದಲ್ಲಿ ಅವಳು ಮೆಲ್ಲಗೆ ಬಂದು ಕೂಡಿಕೊಳ್ಳುತ್ತಿದ್ದಳು. ಅವಳನ್ನು ತಾಂಬಾ ಎಂಬ ಊರಿಗೆ ಮದುವೆ ಮಾಡಿಕೊಟ್ಟ ಮೇಲೆ ಆ ಗಿಟಾರಿನ ತಂತಿಗಳನ್ನೆಲ್ಲ ಬಿಚ್ಚಿ ಗೋಡೆಯ ಗೂಟಕ್ಕೆ ತೂಗುಹಾಕಿದರು.

ಶಾಂತಾಳ ಚೊಚ್ಚಲ ಕೂಸು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ಅಂದಿನಿಂದ ಅವಳು ಮಾತು ಬಿಟ್ಟಳು. ಕೊಟ್ಟರೆ ಉಣ್ಣುವಳು, ಹೇಳಿದರೆ ಮಲಗುವಳು, ಅಷ್ಟೇ. ಗಂಡನ ಮನೆಯವರು ಒಳ್ಳೆಯವರು. ಡಾಕ್ಟರಿಗೆ ತೋರಿಸಿದರು, ಹರಕೆಯನ್ನೂ ಹೊತ್ತರು. ತವರಿಗೆ ಕರೆದರೆ ಒಲ್ಲೆ ಎಂದು ತಲೆ ಅಲ್ಲಾಡಿಸಿದಳು. ಅವಳನ್ನು ನೋಡಿ ಬಂದ ಮಲ್ಲು ನೇರ ನನ್ನ ಅಂಗಡಿಗೆ ಬಂದು ಕೂತ.

"ನನ್ನ ಮಾರಿ ಸೈತ ನೋಡವಲ್ಲಳೋ ಆಕಿ. ನಾವಿಬ್ರೂ ಬಾರಸ್ತಿದ್ದ ಧಾಟಿ ಟೇಪ್ ಮಾಡಿ ಒಯ್ತೇನಿ. ಆಕಿ ಬಾರಸೋ ಜಾಗಾ ಖಾಲಿ ಬಿಡ್ತೇನಿ. ಖಾಲಿ ಕೇಳಿದ್ರ ಆಕಿಗೆ ಸುಮ್ನ ಕುಂಡ್ರಾಕ ಆಗೂದಿಲ್ಲ" ಅಂದ.

ಮಲ್ಲುವಿನ ಮನೆಯಲ್ಲಿ ಟೇಪ್ ಮಾಡಲು ಸೋಮವಾರವನ್ನೇ ಆರಿಸಿಕೊಂಡೆವು. ಬಸವಣ್ಣನ ವಾರವೆಂದು ನಮ್ಮಲ್ಲಿ ಅಂದು ಎತ್ತು ಹೂಡುವುದಿಲ್ಲ. ಬಂಡಿಯ ಸದ್ದಿಲ್ಲದೆ ಓಣಿ ತಣ್ಣಗಿರುತ್ತದೆ. ನನ್ನದೊಂದು ಟೇಪ್ ರೆಕಾರ್ಡರ್, ಮೈಕ್ ಸೆಟ್ಟಿನ ಅಂಗಡಿಯಿಂದ ತಂದದ್ದು ಇನ್ನೊಂದು. ದನಿ ದೊಡ್ಡದಾಗಲೆಂದು ಮಲ್ಲುವಿನ ಗಿಟಾರನ್ನು ಅವರ ಮನೆಯ ಹಳೆಯ ರೇಡಿಯೋಕ್ಕೆ ಜೋಡಿಸಿದ್ದೆವು. ಅದರ ಸ್ಪೀಕರಿನ ಕಾಗದವನ್ನು ಇಲಿ ಹರಿದಿತ್ತು. ನಾನು ದೊಡ್ಡ ಶಾಣ್ಯಾನಂತೆ ಮೈದಾ ಅಂಟು ಬಳಿದು ತೇಪೆ ಹಚ್ಚಿದೆ. ಅದು ಒಣಗಿದ ಮೇಲೆ ದನಿ ಇನ್ನಷ್ಟು ಕೆಟ್ಟು, ಸಿಟ್ಟಿಗೆದ್ದ ಕೋಣದ ಹಾಗೆ ಗುರುಗುಟ್ಟತೊಡಗಿತು. ಮಲ್ಲು ಕುಣಿದೇಬಿಟ್ಟ. "ಮುಟ್ಟಬ್ಯಾಡೋ ಮಾರಾಯಾ, ನನಗ ಇದ ಬೇಕಾಗಿತ್ತು!"

ಮೊದಲು ಆ ಒರಟು ದನಿಯನ್ನು ಹಿಡಿದೆವು. ಆಮೇಲೆ ಒಂದು ಯಂತ್ರದಲ್ಲಿ ಅದನ್ನು ಹಚ್ಚಿ, ಅದರ ಜೊತೆಗೆ ಮಲ್ಲು ರೇಡಿಯೋ ಇಲ್ಲದೆ ಬರೀ ಗಿಟಾರ್ ನುಡಿಸಿದ. ಎರಡನೆಯ ಯಂತ್ರ ಎರಡನ್ನೂ ಹಿಡಿಯಬೇಕು. ಮೊದಲ ಸಲ ಎರಡೂ ಕಲೆತು ಮುದ್ದೆಯಾದವು. "ಈ ದನಿ ಮನಿ ತುಂಬ ಕಾಲು ಚಾಚ್ತೈತಿ. ಬಾಜೂಕ ಕುಂಡ್ರಾವ ಮೈ ಸಣ್ಣ ಮಾಡ್ಕೋಬೇಕು" ಎಂದು ಮಲ್ಲು ಮೇಲಿನ ಸ್ವರಗಳಿಗೆ ಹೋದ, ನುಡಿಸುವುದನ್ನೂ ಕಡಿಮೆ ಮಾಡಿದ. ಆಗ ಎರಡೂ ಬೇರೆ ಬೇರೆಯಾಗಿ ಕೇಳಿದವು. ಶಾಂತಾಳ ಜಾಗ ಬಂದಾಗ ಒರಟು ಗಿಟಾರ್ ಒಂದೇ ಸ್ವರ ಹಿಡಿದು ನಿಂತಿತ್ತು, ಮಲ್ಲು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ನಾನು ಎದುರಿಗೇ ಇದ್ದೆ. ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

ಹಚ್ಚಿ ಕೇಳಿದೆವು. ಖಾಲಿ ಬಿಟ್ಟ ಜಾಗದಲ್ಲಿ ಮೂರನೆಯ ಗಿಟಾರ್ ಇತ್ತು.

ಸಣ್ಣ ದನಿ, ಜಾರಿ ಜಾರಿ ಬರುತ್ತಿತ್ತು. ಕೊನೆಯ ಹತ್ತಿರ ಒಂದು ಸ್ವರ ಮುಂದೆ ಹೋಗಿ, ತಡವರಿಸಿ, ತನ್ನ ಜಾಗಕ್ಕೆ ಮರಳಿತು. ನಾವಿಬ್ಬರೂ ಗೋಡೆಯ ಕಡೆ ನೋಡಿದೆವು. ತಂತಿಯಿಲ್ಲದ ಗಿಟಾರ್ ಗೂಟದಲ್ಲೇ ಇತ್ತು. ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಮಲ್ಲುವಿನ ತಾಯಿ ಗಂಗವ್ವ ಮೊರ ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು. "ಶಾಂತಾ ಯಾವಾಗ ಬಂದ್ಳೋ?"

ಮಲ್ಲು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಹಚ್ಚಿದ; ಆ ದನಿ ಅಲ್ಲೇ ಇತ್ತು. ಹಳೆಯದೇನೋ ಅಳಿಸದೆ ಉಳಿದಿರಬೇಕು ಎನ್ನೋಣವೆಂದರೆ ಕ್ಯಾಸೆಟ್ಟುಗಳು ಹೊಸವು, ಮೇಲಿನ ಹಾಳೆ ಹರಿದವನು ನಾನೇ. ಶಾಂತಾ ನುಡಿಸಿದ್ದನ್ನು ಅದುವರೆಗೆ ಯಾರೂ ಟೇಪ್ ಮಾಡಿರಲಿಲ್ಲ.

ಮರುದಿನ ಬಸ್ಸು ಹಿಡಿದು ತಾಂಬಾಕ್ಕೆ ಹೋದೆವು. ಅವಳಿಗೆ ಏನನ್ನೂ ಹೇಳಬಾರದೆಂದು ದಾರಿಯಲ್ಲೇ ಮಾತಾಗಿತ್ತು. ಶಾಂತಾ ಗೋಡೆಗೆ ಒರಗಿ ಕೂತಿದ್ದಳು. ಗುರುತು ಸಿಗದಷ್ಟು ಸೊರಗಿದ್ದಳು. "ಕೇಳವಾ" ಎಂದಷ್ಟೇ ಹೇಳಿ ಮಲ್ಲು ಟೇಪ್ ಹಚ್ಚಿದ. ಅವಳ ಬೆರಳು ಅಲುಗಲಿಲ್ಲ, ಕಣ್ಣು ನೆಲ ಬಿಟ್ಟು ಏಳಲಿಲ್ಲ. ಟೇಪ್ ಮುಗಿಯಿತು. ನಾವು ಆಸೆ ಬಿಟ್ಟೆವು.

ಅಷ್ಟರಲ್ಲಿ ಅವಳು ಹುಬ್ಬು ಗಂಟಿಕ್ಕಿ ಅಣ್ಣನ ಕಡೆ ನೋಡಿದಳು.

"ಅಣ್ಣಾ, ಕಡೀಕ ನನ್ನ ಕೈ ಜಾರಿತ್ತಲ್ಲ. ಅದನ್ನ ಹಂಗ ಬಿಟ್ಟೀಯಲ್ಲ? ಅಳಸಬೇಕಿಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆಗೆ ಗಿಟಾರಿನ ಸಂಗತಿ ಗೊತ್ತಿಲ್ಲ. ಸೊಸೆ ಬಾಯಿ ಬಿಟ್ಟಳೆಂಬುದೊಂದೇ ತಿಳಿದು ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ಅಳಸ್ತೇನವಾ, ಅಳಸ್ತೇನಿ" ಎನ್ನುತ್ತ ಮಲ್ಲುವೂ ಅತ್ತ.

ಅವಳ ಕೈ ಜಾರಿದ್ದು ಯಾವಾಗ, ಎಲ್ಲಿ ಎಂದು ಅವತ್ತು ನಾವು ಕೇಳಲಿಲ್ಲ. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ, ಮಾತಿಗೆ ಕೂತರೆ ನಮಗೆ ಬಾಯಿ ಬಿಡಲು ಕೊಡುವುದಿಲ್ಲ. ಆದರೂ ಕೇಳುವ ಧೈರ್ಯ ನನಗೆ ಬಂದಿಲ್ಲ. ಎದುರಾದಾಗಲೆಲ್ಲ ಅವಳೇ ಅಣ್ಣನನ್ನು ಗದರುತ್ತಾಳೆ: "ಅದನ್ನ ಅಳಸಿದಿಯೋ, ಇಲ್ಲೋ?" ಮಲ್ಲು ಹೂಂ ಎಂದು ಸುಳ್ಳು ಹೇಳುತ್ತಾನೆ.