ಸಪ್ಪಲಮ್ಮನ ತೊಂಬತ್ತು ದಿನ

ಸೇಲಂನ ಗುಗೈ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಗ್ಗಗಳ ಸದ್ದೂ ಶುರುವಾಗಿಲ್ಲ. ನೇಕಾರ ಸುಬ್ಬರಾಯನ್ ಅವರ ಮನೆಯ ಬಚ್ಚಲಲ್ಲಿ ಹಂಡೆ ನೀರು ಕಾದಿದೆ. ಸಪ್ಪಲಮ್ಮ ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಸಿಕ್ಕಿಸಿ, ಮಣೆಯ ಮೇಲೆ ಕೂತು, ನೀಡಿದ ಕಾಲುಗಳ ಮೇಲೆ ಹನ್ನೊಂದು ದಿನದ ಕೂಸನ್ನು ಮಲಗಿಸಿಕೊಂಡಿದ್ದಾರೆ. ಎಣ್ಣೆ ಬಟ್ಟಲು ಪಕ್ಕದಲ್ಲೇ ಇದೆ, ಅದನ್ನು ಮುಟ್ಟುತ್ತಿಲ್ಲ. ಮೊದಲು ಕೂಸಿನ ಎರಡೂ ಮೊಣಕೈಗಳ ಒಳಗೆ ಕಿರುಬೆರಳಿನಿಂದ ಮೆಲ್ಲಗೆ ಗೀರುತ್ತಾರೆ, ಮತ್ತೆ ಬಗ್ಗಿ ನೋಡುತ್ತಾರೆ.

ಬಾಣಂತಿ ಕಲೈವಾಣಿಗೆ ನಗು. "ಏನಜ್ಜಿ, ದಿನಾ ಇದೇ ಆಟ?" ಎನ್ನುತ್ತಾಳೆ.

"ಆಟ ಅಲ್ಲಮ್ಮ. ಎರಡೂ ಕೈ ಮಡಿಸ್ತೈತಾ ಅಂತ ನೋಡ್ಬೇಕು," ಎನ್ನುವ ಸಪ್ಪಲಮ್ಮ, ಕೂಸು ಎರಡೂ ಕೈಗಳನ್ನು ಎದೆಗೆ ಎಳೆದುಕೊಂಡ ಮೇಲಷ್ಟೇ ಬಟ್ಟಲಿಗೆ ಬೆರಳು ಅದ್ದುತ್ತಾರೆ.

ಹಸುಗೂಸುಗಳಿಗೆ ನೀರು ಹಾಕುವುದು ಇವರ ಕಸುಬು. ವಯಸ್ಸು ಅರವತ್ತೊಂದು, ಕಸುಬಿಗೆ ಮೂವತ್ತನಾಲ್ಕು. ಬೆಳಿಗ್ಗೆ ಐದಕ್ಕೆ ಮೊದಲ ಮನೆ, ಹತ್ತಕ್ಕೆ ಆರನೆಯದು. ಒಂದೊಂದು ಕೂಸಿಗೂ ನಲವತ್ತು ದಿನ. ಆರನೇ ಮನೆ ಮುಗಿಸಿ ಎದ್ದಾಗ ಸೊಂಟ ನೆಟ್ಟಗಾಗಲು ಗೋಡೆ ಬೇಕಾಗುತ್ತದೆ, ಬಿಸಿನೀರು ಹರಿದು ಹರಿದು ಕಾಲಿನ ಚರ್ಮ ಸುಲಿದ ಹುಣಸೆಕಾಯಿಯಂತಾಗಿದೆ. ಹುಟ್ಟಿದ್ದು ಕೊಳತ್ತೂರಿನ ಕಡೆ. ಗಂಡ ರಾಮಚಂದ್ರಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅವರು ಹೋದ ಮೇಲೆ ಒಬ್ಬಳೇ ಮಗಳು ಗಂಗಾಲಕ್ಷ್ಮಿಯನ್ನು ಬೆಳೆಸಿ, ಓದಿಸಿ, ಮದುವೆ ಮಾಡಿದ್ದು ಇದೇ ಕೈಗಳು.

ಆ ಕೈಗಳಿಗೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಕೂಸಿಗೆ ಉಳುಕು ಅಂದರೆ ಸಪ್ಪಲಮ್ಮನೇ ಎಳೆಯಬೇಕು, ಅವಳ ಕೈಗುಣವೇ ಬೇರೆ ಎಂದು ಕೊಳತ್ತೂರು, ಪಾಪಿರೆಡ್ಡಿಪಟ್ಟಿಯಿಂದೆಲ್ಲ ಬಸ್ಸು ಹತ್ತಿ ಬರುತ್ತಿದ್ದರು. ಕೈ ಎಳೆದು, ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಅಡ್ಡ ಹಾಯಿಸಿ, ತೋಳಿಗೆ ಎಣ್ಣೆಬಟ್ಟೆ ಸುತ್ತಿ ಕಳಿಸುತ್ತಿದ್ದರು. ಬಹುಪಾಲು ಕೂಸುಗಳಿಗೆ ತಾನಾಗಿಯೇ ವಾಸಿಯಾಗುತ್ತಿತ್ತು, ಹೆಸರು ಮಾತ್ರ ಸಪ್ಪಲಮ್ಮನಿಗೆ ಬರುತ್ತಿತ್ತು. ಈಗ ಅವರೇ ಹೀಗೆ ಹೇಳುತ್ತಾರೆ.

ಆರು ವರ್ಷದ ಹಿಂದೆ ಮೊಮ್ಮಗಳು ಇಂದುಜಾ ಹುಟ್ಟಿದಳು. ನಾಲ್ಕು ಕಿಲೋ ದಾಟಿದ ಕೂಸು. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡು, ಜೀವ ಉಳಿದದ್ದೇ ಹೆಚ್ಚು ಎನ್ನುವಂತಾಯಿತು. ಬಲಗೈ ಮಾತ್ರ ಬಟ್ಟೆಯ ತುಂಡಿನ ಹಾಗೆ ಜೋತು ಬಿದ್ದಿತ್ತು. ಮನೆಗೆ ಕಳಿಸುವಾಗ ನರ್ಸ್ ಒಂದು ಚೀಟಿ ಕೊಟ್ಟು, ಕೈ ಎಳೆಯಬೇಡಿ, ತಿಂಗಳಿಗೊಮ್ಮೆ ಕರೆತನ್ನಿ, ಮೂರು ತಿಂಗಳಾದರೂ ಮೊಣಕೈ ಮಡಿಸದಿದ್ದರೆ ನರದ ಡಾಕ್ಟರಿಗೆ ತೋರಿಸಲೇಬೇಕು ಎಂದು ಎರಡೆರಡು ಸಲ ಹೇಳಿದ್ದರು.

"ನನಗೆ ನಗು ಬಂತು," ಎನ್ನುತ್ತಾರೆ ಸಪ್ಪಲಮ್ಮ. "ಊರ ಕೂಸ್ಗೆಲ್ಲ ಉಳುಕು ಎಳಿಯೋಳು ನಾನು. ನನ್ ಮೊಮ್ಮಗೂನ ಎತ್ಕೊಂಡು ನಾನು ಆಸ್ಪತ್ರೆ ಲೈನಲ್ಲಿ ನಿಲ್ಲಬೇಕಾ ಅಂದೆ. ತಿಮಿರು. ಬೇರೇನೂ ಅಲ್ಲ."

ಗಂಗಾಲಕ್ಷ್ಮಿ ಕೇಳಿದಾಗಲೆಲ್ಲ ಸಪ್ಪಲಮ್ಮ ಕೂಸಿನ ಬೆರಳು ತೋರಿಸುತ್ತಿದ್ದರು. ಬೆರಳು ಆಡುತ್ತಿದ್ದವು. ಬೆರಳು ಬಂದ ಮೇಲೆ ತೋಳು ಬರದೆ ಎಲ್ಲಿಗೆ ಹೋಗುತ್ತದೆ? ಎಳೆದರು, ಸುತ್ತಿದರು, ಹರಕೆ ಹೊತ್ತರು. ಕೂಸು ಬೋರಲು ಬಿತ್ತು, ಕೂತಿತು, ಎಡಗೈ ಒಂದನ್ನೇ ಊರಿ ತೆವಳಿತು. ಕೊನೆಗೆ ಗಂಗಾಲಕ್ಷ್ಮಿ ಅಮ್ಮನಿಗೆ ಹೇಳದೆಯೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಸಪ್ಪಲಮ್ಮ ಹಿಂದೆಯೇ ಓಡಿ ಹೋಗಿ ಅದೇ ಬಸ್ಸು ಹತ್ತಿದರು. ಅಷ್ಟರಲ್ಲಿ ಇಂದುಜಾಗೆ ಹದಿನಾಲ್ಕು ತಿಂಗಳು.

ಡಾಕ್ಟರಮ್ಮ ಸಿಡುಕಲಿಲ್ಲ. ಕಾಗದದ ಮೇಲೆ ಕತ್ತಿನಿಂದ ತೋಳಿಗೆ ಇಳಿಯುವ ಐದು ನರ ಬರೆದು ತೋರಿಸಿದರು. ಹೆರಿಗೆಯಲ್ಲಿ ಅವು ಬರೀ ಜಗ್ಗಿದ್ದರೆ ತಾವೇ ಸರಿಹೋಗುತ್ತವೆ. ಕಿತ್ತುಹೋಗಿದ್ದರೆ ಕಾಲಿನ ಮೀನಖಂಡದಿಂದ ಒಂದು ನರ ತೆಗೆದು, ಮಗ್ಗದಲ್ಲಿ ಹರಿದ ಎಳೆಗೆ ಎಳೆ ಸೇರಿಸಿದ ಹಾಗೆ ಸೇರಿಸಬಹುದು. ಪಕ್ಕದಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ನರವೊಂದನ್ನು ತಿರುಗಿಸಿ ಜೋಡಿಸುವುದೂ ಉಂಟು. ಆದರೆ ಅದಕ್ಕೆ ಹೊತ್ತು ಮೀರಬಾರದು. ಮೂರರಿಂದ ಒಂಬತ್ತು ತಿಂಗಳೊಳಗೆ ಆದರೆ ಒಳ್ಳೆಯದು. ವರ್ಷ ದಾಟಿದರೆ ತೋಳಿನ ಮಾಂಸ ಸೊರಗಿರುತ್ತದೆ, ನರ ಸೇರಿಸಿದರೂ ಹೆಚ್ಚು ಪ್ರಯೋಜನವಿಲ್ಲ.

"ನಾ ಎಳ್ದಿದ್ದಕ್ಕೇ ಇಂಗಾಯ್ತಾ ಅಂತ ಕೇಳ್ದೆ," ಎನ್ನುವಾಗ ಸಪ್ಪಲಮ್ಮನ ದನಿ ಇಳಿಯುತ್ತದೆ. "ಇಲ್ಲಮ್ಮ, ನರ ಕಿತ್ತೋಗಿದ್ದು ಹುಟ್ಟುವಾಗ್ಲೇ, ನಿಮ್ಮಿಂದ ಹೋಗಿದ್ದು ದಿವಸ ಅಂದ್ರು. ಎಳ್ದಿದ್ದಕ್ಕೇ ಅಂದಿದ್ರೆ ಕೈಯ ಶಪಿಸ್ಕೊಂಡು ಸುಮ್ನಾಗ್ತಿದ್ದೆ. ದಿವ್ಸ ಹೋಯ್ತು ಅಂದ್ರೆ ಯಾರ್ನ ಶಪಿಸ್ಲಿ?"

ಗಂಗಾಲಕ್ಷ್ಮಿ ಅಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಇಬ್ಬರೂ ಅತ್ತು ಹಗುರಾಗುತ್ತಿದ್ದರೇನೋ. ಎರಡನೆಯ ಮಗು ಹುಟ್ಟಿದಾಗ ಸಪ್ಪಲಮ್ಮ ನೀರು ಕಾಯಿಸಿ, ಬಚ್ಚಲಲ್ಲಿ ಕಾಲು ನೀಡಿ ಕಾದು ಕೂತರು. ಮಗಳು ಬಂದು, "ನೀ ಎದ್ದೇಳಮ್ಮ. ನಾನೇ ಆಕ್ಕೊಳ್ತೀನಿ," ಎಂದಳು. ಅಷ್ಟೇ ಮಾತು. ಬೀದಿಯ ಕೂಸುಗಳೆಲ್ಲ ಮಲಗಿ ಎದ್ದ ಕಾಲಿನ ಮೇಲೆ ಸ್ವಂತ ಮೊಮ್ಮಗು ಮಲಗಲಿಲ್ಲ.

ಅಂದಿನಿಂದ ಅವರು ಉಳುಕು ಎಳೆಯುವುದನ್ನು ಬಿಟ್ಟಿದ್ದಾರೆ. ನೀರು ಹಾಕುವ ಮನೆಗಳಲ್ಲಿ ಕೈ ಮಡಿಸದ ಕೂಸು ಕಂಡರೆ, ತೊಂಬತ್ತು ದಿನಕ್ಕೆ ಎಷ್ಟು ಉಳಿಯಿತು ಎಂದು ಎಣಿಸತೊಡಗುತ್ತಾರೆ. ತಾಯಿಯನ್ನು ಹೊರಡಿಸಿ ತಾವೂ ಜೊತೆಗೆ ಬಸ್ಸು ಹತ್ತುತ್ತಾರೆ, ಅಂದಿನ ಉಳಿದ ಮನೆಗಳ ಕೆಲಸ ಕೆಟ್ಟರೂ ಸರಿಯೆ. ಐದು ವರ್ಷಗಳಲ್ಲಿ ಇಂಥ ಒಂಬತ್ತು ಕೂಸುಗಳು ಸಿಕ್ಕಿವೆ. ಆರಕ್ಕೆ ಡಾಕ್ಟರು ಕಲಿಸಿದ ಮೆಲ್ಲಗಿನ ವ್ಯಾಯಾಮದಲ್ಲೇ ಗುಣವಾಯಿತು, ಎರಡಕ್ಕೆ ನರದ ಆಪರೇಷನ್ ಆಯಿತು. ಒಂದು ಮನೆಯವರು ಮಾತ್ರ, ಎಳೆಯಲು ಬಾರದಿದ್ದರೆ ಬಾರದು ಅನ್ನು, ನಮ್ಮ ಕೂಸಿಗೆ ಕತ್ತಿ ತೋರಿಸಬೇಡ ಎಂದು ಬಾಗಿಲು ಹಾಕಿಕೊಂಡರು. ಕೈಗುಣ ಹೋಯಿತು, ಅದಕ್ಕೇ ಆಸ್ಪತ್ರೆಗೆ ಗಿರಾಕಿ ಹಿಡಿದುಕೊಡುತ್ತಾಳೆ ಎಂದು ಆಡಿಕೊಳ್ಳುವವರೂ ಇದ್ದಾರೆ. ಆಡುವ ಬಾಯಿಗೆ ಅಡ್ಡ ಹಿಡಿಯುವವರು ಯಾರು?

ಕಳೆದ ವರ್ಷ ಪಾಪಿರೆಡ್ಡಿಪಟ್ಟಿಯಿಂದ ಮುನಿಲಕ್ಷ್ಮಮ್ಮ ಎಂಬ ಅಜ್ಜಿ, ಹಳೆಯ ಹೆಸರು ಕೇಳಿಕೊಂಡು, ಎಪ್ಪತ್ತಮೂರು ದಿನದ ಮೊಮ್ಮಗುವನ್ನು ಎತ್ತಿ ತಂದಿದ್ದರು. "ಒಂದು ಸಲ ಎಳೆದು ಬುಡು ತಾಯಿ," ಎಂದು ಜಗಲಿ ಬಿಟ್ಟು ಏಳಲೇ ಇಲ್ಲ. ಹೇಳಿ ಹೇಳಿ ಸೋತ ಸಪ್ಪಲಮ್ಮ ಒಳಗಿದ್ದ ಇಂದುಜಾಳನ್ನು ಕರೆದರು. "ಕೈ ಎತ್ತು ನನ್ ಕಂದ," ಎಂದರು. ಹುಡುಗಿ ಎತ್ತಿದಳು. ಒಳಕ್ಕೆ ತಿರುಚಿಕೊಂಡ ಆ ಸಣ್ಣ ತೋಳು ಎದೆಯ ಮಟ್ಟಕ್ಕೆ ಬಂದು ನಿಂತಿತು. "ನಾ ಎಳ್ದಿದ್ದು ಇದೇ ಕೈ," ಎಂದರು ಸಪ್ಪಲಮ್ಮ. ಮುನಿಲಕ್ಷ್ಮಮ್ಮ ಎದ್ದು ಕೂಸಿಗೆ ಟವೆಲ್ಲು ಸುತ್ತಿದರು. ಅಂದು ಸಂಜೆ ಇಂದುಜಾ, "ಅಜ್ಜಿ, ಇನ್ನೊಂದ್ಸಲ ಯಾರ್‌ಗೂ ತೋರಿಸ್ಬೇಡ. ವೆಕ್ಕಮಾ ಇರುಕ್ಕು," ಎಂದಳು. ನಾಚಿಕೆಯಾಗುತ್ತದಂತೆ. ಸಪ್ಪಲಮ್ಮ ಮತ್ತೆ ಯಾರಿಗೂ ತೋರಿಸಿಲ್ಲ.

ಪಾಪಿರೆಡ್ಡಿಪಟ್ಟಿಯ ಕೂಸಿಗೆ ಐದನೇ ತಿಂಗಳಲ್ಲಿ ಆಪರೇಷನ್ ಆಯಿತು. ಈಚೆಗೆ ಮುನಿಲಕ್ಷ್ಮಮ್ಮನ ಮಗ ಫೋನಿಗೆ ವಿಡಿಯೋ ಕಳಿಸಿದ್ದಾನೆ, ಅದರಲ್ಲಿ ಮಗು ಅದೇ ಕೈಯಲ್ಲಿ ಬಿಸ್ಕತ್ತನ್ನು ಬಾಯಿಗೆ ಒಯ್ಯುತ್ತದೆ. ಸಪ್ಪಲಮ್ಮ ಅದನ್ನು ದಿನಕ್ಕೆರಡು ಸಲ ನೋಡುತ್ತಾರೆ. "ಸಂತೋಸಾನೇ," ಎನ್ನುತ್ತಾರೆ, "ಆದ್ರೆ ಒಟ್ಟೆ ಉರೀತೈತೆ. ಇವಳ್ಗೂ ಇಂಗೇ ಆಗ್ಬೋದಿತ್ತು."

ಇಂದುಜಾಗೆ ಈಗ ಉಳಿದಿರುವುದು ಬೇರೆ ದಾರಿ. ಬೆನ್ನಿನ ಪಕ್ಕದ ಮಾಂಸಖಂಡದ ತುದಿಯನ್ನು ಬಿಡಿಸಿ ಭುಜದ ಹಿಂದಕ್ಕೆ ಕಟ್ಟಿದರೆ ತೋಳು ಹೊರಕ್ಕೆ ತಿರುಗೀತು, ಸ್ವಲ್ಪ ಮೇಲೇರೀತು. ಅದೂ ಸಾಲದಿದ್ದರೆ ದೊಡ್ಡವಳಾದ ಮೇಲೆ ತೋಳಿನ ಮೂಳೆ ಕತ್ತರಿಸಿ ತಿರುಗಿಸಿ ಕೂರಿಸುವುದು. ಎಡಗೈಯಂತೆ ಎಂದೂ ಆಗದು, ತಲೆ ಮುಟ್ಟಿದರೆ ಅದೇ ದೊಡ್ಡದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ಬರುವ ಶುಕ್ರವಾರ ಆಪರೇಷನ್.

ಇಂದುಜಾಗೆ ಬಲಗೈಯಲ್ಲಿ ಚೊಂಬು ತಲೆಯವರೆಗೆ ಎತ್ತಲಾಗದು. ಭಾನುವಾರ ಎಣ್ಣೆ ಇಳಿಯುವಂತೆ ತಲೆ ತಿಕ್ಕಿ ನೀರು ಹಾಕಲು ಅವಳು ಅಮ್ಮನನ್ನು ಬಿಟ್ಟು ಅಜ್ಜಿಯನ್ನೇ ಕೂಗುತ್ತಾಳೆ. ಗಂಗಾಲಕ್ಷ್ಮಿ ಅದೊಂದಕ್ಕೆ ಬೇಡವೆಂದಿಲ್ಲ. ಆ ಮನೆಯಲ್ಲಿ ಸಪ್ಪಲಮ್ಮನ ಕೈಗೆ ಉಳಿದಿರುವ ಕೆಲಸ ಅದೊಂದೇ.

ಶುಕ್ರವಾರದ ಬಗ್ಗೆ ದೇವರಲ್ಲಿ ಏನು ಕೇಳಿಕೊಂಡಿರಿ ಎಂದರೆ ಸಪ್ಪಲಮ್ಮ ಒದ್ದೆ ಸೆರಗು ಹಿಂಡುತ್ತಾ ಹೇಳುತ್ತಾರೆ:

"ಅವಳ ತಲೆಗೆ ಅವಳೇ ನೀರು ಉಯ್ಕೋಬೇಕು. ನಾ ಬಚ್ಚಲ ಹತ್ರ ಓದ್ರೆ, ಅಜ್ಜಿ ನೀ ಬೇಡ ಓಗು ಅನ್ಬೇಕು. ಅಷ್ಟೇ ಸಾಮಿ ನಾ ಕೇಳ್ಕೊಂಡಿರೋದು."