ಬಿಡಬೇಕಾದ ಗೆಳತಿ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಹೊಲಿಗೆ ಅಂಗಡಿಯಿದೆ. ಭಾನುವಾರ ರಜೆ. ಆದರೂ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಾನೂ ನನ್ನ ಗೆಳತಿಯೂ ಶಟರನ್ನು ಅರ್ಧ ಎತ್ತಿ ಒಳಗೆ ಕೂರುತ್ತಿದ್ದೆವು. ಅವಳು ಜಾವಳಿಯ ಅಂಗನವಾಡಿಯಲ್ಲಿ ಟೀಚರು. ಅವಳ ಬಸ್ಸು ಬರುವವರೆಗೆ ಬೇಕರಿಯ ಬನ್ನು, ಫ್ಲಾಸ್ಕಿನ ಕಾಫಿ, ಜೊತೆಗೆ ಸಭೆಯವರ ಸುದ್ದಿ.

ಜನರ ಧ್ವನಿಯನ್ನು ಅನುಕರಿಸುವುದು ನನಗೆ ಚಿಕ್ಕಂದಿನಿಂದಲೂ ಬರುತ್ತದೆ. ಪಾಸ್ಟರ ಕೆಮ್ಮು, ಹಾಡು ಎತ್ತುವವರ ಅಪಸ್ವರ, ಎಲ್ಲ ಆಗಿತ್ತು. ಗೆಳತಿಗೆ ಅತಿ ಇಷ್ಟವಾಗಿದ್ದು ನಮ್ಮ ಸಭೆಯ ಒಬ್ಬ ಅಜ್ಜಿಯ ಪ್ರಾರ್ಥನೆ. ಬದುಕಿಡೀ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ದ ಅವರು ದೇವರ ಹತ್ತಿರವೂ ಹಾಜರಿ ಬರೆಯುವ ರೈಟರನ್ನು ರಜೆ ಕೇಳಿದ ಹಾಗೆಯೇ ಮಾತಾಡುತ್ತಿದ್ದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಸ್ವಾಮಿ, ತಮಗೆ ಪುರುಸೊತ್ತಿದ್ರೆ ಒಂಚೂರು ಈ ಕಡೆ ನೋಡ್ಕಳಿ" ಎನ್ನುವರು, ನಡುನಡುವೆ ಮೂಗೆಳೆಯುವರು. ನಾನು ಆ ಮೂಗೆಳೆತವನ್ನೂ ಬಿಡುತ್ತಿರಲಿಲ್ಲ. ಗೆಳತಿ ನಕ್ಕು ನಕ್ಕು ಹೊಲಿಗೆ ಮೆಷಿನ್ನಿಗೆ ತಲೆ ಆನಿಸುತ್ತಿದ್ದಳು.

ಕೆಟ್ಟ ಸಹವಾಸವೆಂದರೆ ನನ್ನ ಲೆಕ್ಕದಲ್ಲಿ ಕುಡಿತ, ಇಸ್ಪೀಟು, ಆರಾಧನೆ ತಪ್ಪಿಸಿ ತಿರುಗಾಡುವವರು. ಹಾಗಾಗಿ ಸ್ನೇಹಿತರನ್ನು ಆರಿಸಿಕೊಳ್ಳುವ ಬಗ್ಗೆ ನಮ್ಮ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಪಾಸ್ಟರು ಕೇಳಿದಾಗ ಖುಷಿಯಿಂದ ಒಪ್ಪಿದೆ.

ಅದೇ ವಾರ ಒಂದು ಮಧ್ಯಾಹ್ನ ಗೆಳತಿ ಅಂಗಡಿಗೆ ಬಂದಳು. ರವಿಕೆಗೆ ಹುಕ್ಕು ಹಚ್ಚುತ್ತಿದ್ದ ನಾನು ಸ್ಟೂಲು ಎಳೆದು ಕೊಟ್ಟೆ. ಅವಳು ಕೂರಲಿಲ್ಲ. ಅವಳ ಗಂಡನಿಗೆ ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಗಬೇಕಿತ್ತು. ಅದನ್ನು ಕೇಳಿದ ಅಜ್ಜಿ ಹಿಂದಿನ ದಿನ ಅವಳ ಮನೆಗೇ ಹೋಗಿದ್ದರಂತೆ. ಮಂಚದ ಪಕ್ಕ ಮೊಣಕಾಲೂರಿ "ಸ್ವಾಮಿ" ಎಂದದ್ದೇ ತಡ, ಇವಳಿಗೆ ನನ್ನ ಧ್ವನಿ ಕೇಳಿಸಿತಂತೆ. ನಗು ತಡೆಯಲಾಗದೆ ಮುಖ ಮುಚ್ಚಿಕೊಂಡಿದ್ದಾಳೆ. ಭುಜ ಕುಲುಕುವುದನ್ನು ಕಂಡ ಅಜ್ಜಿ, ಅಳುತ್ತಿದ್ದಾಳೆಂದು ತಿಳಿದು, ಪ್ರಾರ್ಥನೆ ನಿಲ್ಲಿಸಿ ಅವಳ ತಲೆ ನೇವರಿಸಿದರಂತೆ.

"ನಮ್ಮನೆಯವ್ರು ನೋಡ್ತಾ ಮಲಗಿದ್ರು ಕಣೆ. ನಾನು ನಗ್ತಾ ಇದೀನಿ ಅಂತ ಅವ್ರಿಗೆ ಗೊತ್ತಾಯ್ತು."

"ಅದಕ್ಕೆ ನಾನೇನ್ ಮಾಡ್ಲಿ? ನಕ್ಕಿದ್ದು ನೀನು."

"ಹೌದು, ತಪ್ಪು ನಂದೂ ಇದೆ. ಆದ್ರೆ ನಿನ್ ಹತ್ರ ಕೂತು ಎದ್ದು ಹೋದ್ಮೇಲೆ ನಂಗೆ ಯಾರನ್ನ ಕಂಡ್ರೂ ಗೌರವ ಬರಲ್ಲ. ಇನ್ಮೇಲೆ ನಾನು ಭಾನುವಾರ ಇಲ್ಲಿಗೆ ಬರಲ್ಲ."

ಅವಳು ಜಗಳವಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಮೆತ್ತಗೆ ಹೇಳಿ ಹೋದಳು. ನಾನು ಸಿಟ್ಟಿನಲ್ಲಿ ಹುಕ್ಕುಗಳನ್ನೆಲ್ಲ ತಪ್ಪು ಬದಿಗೆ ಹಚ್ಚಿದೆ. ಅವನ್ನು ಒಂದೊಂದಾಗಿ ಬಿಚ್ಚುವಾಗ ಸಿಟ್ಟು ಇಳಿಯಿತು. ಅಜ್ಜಿಯ ಕೈ ಅವಳ ತಲೆಯ ಮೇಲಿದ್ದದ್ದು ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಭಾನುವಾರ ಹುಡುಗರ ಮುಂದೆ ನಿಂತೆ. ನಿಮ್ಮನ್ನು ದೇವರಿಂದ ದೂರ ಎಳೆಯುವವರ ಸ್ನೇಹ ಬಿಡಿ ಎಂದು ಹೇಳಬೇಕಿತ್ತು. ಹೇಳಿದೆ, ಮುಖವೆಲ್ಲ ಬಿಸಿಯಾಗಿತ್ತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು, ನೋಡುವುದಕ್ಕೆ ಒಳ್ಳೆಯವರ ಹಾಗೇ ಇದ್ದರೆ ಹೇಗೆ ಗುರುತಿಸುವುದು ಆಂಟಿ ಎಂದು ಕೇಳಿದಳು. ಉತ್ತರ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ಪ್ರಾರ್ಥನೆ ಮಾಡಿ, ದೇವರು ತೋರಿಸುತ್ತಾರೆ ಎಂದು ಹೇಳಿ ತಪ್ಪಿಸಿಕೊಂಡೆ.

ಹೊರಗೆ ಬಂದಾಗ ಬಾಗಿಲಲ್ಲಿ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. "ಚೆನ್ನಾಗ್ ಹೇಳಿದ್ರಿ ಅಮ್ಮ. ನಮ್ ಮೊಮ್ಮಗಳಿಗೆ ಹೇಳಿದೀನಿ, ಇರೋದಾದ್ರೆ ನಿಮ್ಮಂಥವ್ರ ಜೊತೆ ಇರ್ಬೇಕು ಅಂತ."

ಗೆಳತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅಜ್ಜಿಯ ಮೊಣಕೈ ಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು.

ಅವಳ ಗಂಡನ ಆಪರೇಷನ್ ಚೆನ್ನಾಗಿ ಆಯಿತು. ಅದೂ ನನಗೆ ತಿಳಿದದ್ದು ಸಭೆಯಲ್ಲಿ ಪಾಸ್ಟರು ಎಲ್ಲರಿಗೂ ಹೇಳಿದಾಗ. ಅಜ್ಜಿಯ ಬಳಿ ಕ್ಷಮೆ ಕೇಳಬೇಕೆಂದು ಒಂದು ಸಲ ಎಸ್ಟೇಟಿನ ಕೂಲಿಯವರ ಸಾಲಿನಲ್ಲಿದ್ದ ಅವರ ಲೈನ್ ಮನೆಯವರೆಗೂ ಹೋಗಿದ್ದೆ. ಕೇಳಬೇಕಾದರೆ ಏನು ಮಾಡುತ್ತಿದ್ದೆನೆಂದು ಹೇಳಬೇಕಲ್ಲ. ಅವರು ಕೊಟ್ಟ ಕಾಫಿ ಕುಡಿದು, ಊರ ಸುದ್ದಿ ಮಾತಾಡಿ ಬಂದೆ. ಗೆಳತಿ ಈಗ ಎದುರು ಸಿಕ್ಕರೆ ನಿಂತು ಮಾತಾಡಿಸುತ್ತಾಳೆ. "ಚೆನ್ನಾಗಿದೀರಾ?" ಎನ್ನುತ್ತಾಳೆ. ಮೊದಲು ಅವಳು ನನಗೆ ಎಂದೂ ಬಹುವಚನ ಹಚ್ಚಿದವಳಲ್ಲ.