ಎಲ್ಲರೂ ಹಳದಿಯಾಗಿದ್ದ ಫೋಟೋ

ನನ್ನ ಗಂಡ ಫೋಟೋ ತೆಗೆಯುವಾಗ ಹಿಂದೆ ಹಿಂದೆ ಹೋಗುತ್ತಿದ್ದರು. ನಾವು ಯಾವುದಾದರೂ ಗುಡಿಯ ಮುಂದೆ ನಿಂತರೆ ಅವರು ಮೊಬೈಲು ಹಿಡಿದುಕೊಂಡು ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಡುತ್ತ ರಸ್ತೆಯ ಆಚೆ ಬದಿ ಸೇರುತ್ತಿದ್ದರು. "ತಡೀರಿ, ಎಲ್ಲಾ ಬರ್ಲಿ," ಎನ್ನುತ್ತಿದ್ದರು. ಎಲ್ಲ ಬರುತ್ತಿತ್ತು. ಗುಡಿಯ ಕಳಸ, ಕರೆಂಟಿನ ಕಂಬ, ನಿಂತ ರಿಕ್ಷಾ, ಅದರೊಳಗೆ ಮಲಗಿದವನ ಪಾದ. ಎಲ್ಲೋ ಕೆಳಗೆ ಸಾಸಿವೆಕಾಳಿನಷ್ಟು ನಾವು.

ಬರದೇ ಇದ್ದವರು ಅವರೊಬ್ಬರೇ. ಅವರು ಹೋದ ಮೇಲೆಯೇ ಅದು ನಮಗೆ ತಿಳಿದದ್ದು. ಗೋಡೆಗೆ ಹಾಕಲು ಒಂದು ಫೋಟೋ ಬೇಕೆಂದಾಗ ಸಿಕ್ಕಿದ್ದು ಆಫೀಸಿನ ಗುರುತಿನ ಚೀಟಿಯದು. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಪೊಲೀಸರು ಹುಡುಕುತ್ತಿರುವವರ ಹಾಗೆ ಅವರು ಪುಣೆಯ ಕೋಥರೂಡದ ನಮ್ಮ ಮನೆಯ ಗೋಡೆಯಿಂದ ನೋಡುತ್ತಿದ್ದರು. ನಾನು ಅದಕ್ಕೆ ಬೆನ್ನು ಮಾಡಿ ಕುಳಿತು ಊಟ ಮಾಡುತ್ತಿದ್ದೆ. ಆ ಮುಖವನ್ನೇ ನೋಡಿ ನೋಡಿ, ಅವರು ನಗುವಾಗ ಹೇಗೆ ಕಾಣುತ್ತಿದ್ದರೆಂಬುದು ಮರೆಯತೊಡಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ವರ್ಷದ ತಿಥಿ ಹತ್ತಿರ ಬಂದಾಗ ಮಾತ್ರ ನಾದಿನಿಗೆ ಹೇಳಿದೆ: "ಅವರು ನಗೂದು ಒಂದು ಫೋಟೋ ಬೇಕವ್ವಾ. ಎಲ್ಲೆರ ಇರಬೇಕು."

ಮರುದಿನವೇ ಅವಳು ಸದಾಶಿವ ಪೇಠದಿಂದ ಸ್ಕೂಟಿ ಏರಿ ಬಂದಳು.

"ವೈನಿ, ಅಣ್ಣ ಎಲ್ಲಾನೂ ತುಂಬಿ ಇಟ್ಟಾನ. ನಾವು ಬ್ಯಾಡಾದ್ದು ತಗೀಬೇಕು, ಅಷ್ಟ. ಕ್ರಾಪ್ ಮಾಡೂದು ಅಂದ್ರ ಮೆಂತ್ಯಾ ಸೋಸಿದಂಗ."

ಫೋಟೋದ ಸುತ್ತ ಒಂದು ಚೌಕಟ್ಟು ಬರುತ್ತದೆ. ಅದರ ಮೂಲೆಗಳನ್ನು ಬೆರಳಿನಿಂದ ಒಳಕ್ಕೆ ಎಳೆಯಬೇಕು. ಹೊರಗುಳಿದದ್ದು ಮಬ್ಬಾಗುತ್ತದೆ, ಒತ್ತಿದರೆ ಹೋಗಿಯೇ ಬಿಡುತ್ತದೆ. ತಲೆಯ ಮೇಲೆ ಸ್ವಲ್ಪ ಜಾಗ ಬಿಡಬೇಕು, ಇಲ್ಲದಿದ್ದರೆ ತಲೆಗೆ ಸೂರು ತಾಗಿದಂತೆ ಕಾಣುತ್ತದೆ. ಕೈಯನ್ನು ಮಣಿಕಟ್ಟಿಗೆ ಕತ್ತರಿಸಬಾರದು. ಮನುಷ್ಯ ಯಾವ ಕಡೆ ನೋಡುತ್ತಿದ್ದಾನೋ ಆ ಕಡೆ ಹೆಚ್ಚು ಜಾಗ ಬಿಡಬೇಕು. "ಇಲ್ಲಾಂದ್ರ ಗ್ವಾಡಿಗೆ ಮುಖಾ ಹಚ್ಚಿ ನಿಂತಂಗ ಕಾಣತದ," ಎಂದಳು ನಾದಿನಿ.

ನನಗೆ ಅದರ ಹುಚ್ಚೇ ಹಿಡಿಯಿತು. ಅಭ್ಯಾಸಕ್ಕೆಂದು ಹಳೆಯ ಫೋಟೋ ಒಂದೊಂದಾಗಿ ತೆಗೆದೆವು. ಕರೆಂಟಿನ ಕಂಬ ಹೋಯಿತು. ರಿಕ್ಷಾದವನ ಪಾದ ಹೋಯಿತು. ನಮ್ಮ ಬಾಲ್ಕನಿಯ ತುಳಸಿಯ ಪಕ್ಕ ವರ್ಷಗಟ್ಟಲೆ ನೇತಾಡುತ್ತಿದ್ದ ಪಕ್ಕದ ಮನೆಯವರ ಬನಿಯನ್ನು ಒಂದೇ ಬೆರಳಿಗೆ ಹೋಯಿತು. ಎಲ್ಲ ಮದುವೆಗಳಲ್ಲೂ ಪ್ಲೇಟು ಹಿಡಿದು ಪಕ್ಕಕ್ಕೆ ಬಂದು ನಿಲ್ಲುವ ದೂರದ ಸಂಬಂಧಿಯೊಬ್ಬರನ್ನು ತೆಗೆಯುವಾಗ ನಾದಿನಿ, "ಪ್ಲೇಟ್ ಇರ್ಲಿ ವೈನಿ, ಜಿಲೇಬಿ ಚಂದ ಬಂದಾವ," ಎಂದಳು. ಪ್ಲೇಟು ಉಳಿಸಿ ಅವರನ್ನು ತೆಗೆದೆವು. ನಾವು ನಗುತ್ತ ಕುಳಿತಾಗ ಒಲೆಯ ಮೇಲಿದ್ದ ಚಹಾ ಉಕ್ಕಿಹೋಯಿತು. ನಾನು ನಕ್ಕದ್ದು ಗಮನಕ್ಕೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮತ್ತೆ ನಗು ಬಂತು.

ಹೀಗೆ ಹುಡುಕುತ್ತಿರುವಾಗ ಜೇಜುರಿಯ ಫೋಟೋ ಸಿಕ್ಕಿತು. ಖಂಡೋಬನ ದರ್ಶನಕ್ಕೆ ನಾನು, ನನ್ನ ಗಂಡ, ನಾದಿನಿ, ಅವಳ ಗಂಡ, ನಾಲ್ವರೂ ಹೋಗಿದ್ದೆವು. ಅಲ್ಲಿ ಜನ ಭಂಡಾರ, ಅಂದರೆ ಅರಿಶಿನದ ಪುಡಿ, ಮುಷ್ಟಿಗಟ್ಟಲೆ ಎರಚುತ್ತಾರೆ. ಮೆಟ್ಟಿಲು, ಕಂಬ, ದೀಪಮಾಲೆ, ಮನುಷ್ಯ ಎಲ್ಲ ಒಂದೇ ಹಳದಿ. ಅಂದು ಮಾತ್ರ ನನ್ನ ಗಂಡ ಬಾಗಲಕೋಟೆ ಕಡೆಯಿಂದ ಬಂದಿದ್ದ ಯಾತ್ರಿಕರೊಬ್ಬರ ಕೈಗೆ ಮೊಬೈಲು ಕೊಟ್ಟು ತಾವೂ ನಮ್ಮೊಡನೆ ನಿಂತಿದ್ದರು. ನಿಂತರೂ ಬಾಯಿ ಸುಮ್ಮನಿರಲಿಲ್ಲ. "ಹಿಂದ ಹೋಗ್ರೀ ಯಜಮಾನ್ರ, ಇನ್ನೂ ಹಿಂದ!" ಆ ಪುಣ್ಯಾತ್ಮ ಹೋಗಿಯೇ ಹೋಗಿದ್ದ. ಫೋಟೋದಲ್ಲಿ ಇಡೀ ಜೇಜುರಿ ಬಂದಿತ್ತು.

ಬೆರಳಿನಿಂದ ಹಿಗ್ಗಿಸಿದೆವು. ನಡುವೆ ಒಬ್ಬರು ತಲೆಗೆ ಕೆಂಪು ವಸ್ತ್ರ ಸುತ್ತಿ, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಬಾಯ್ತುಂಬ ನಗುತ್ತಿದ್ದರು.

"ಅಯ್ಯ, ಅಣ್ಣ!" ಎಂದಳು ನಾದಿನಿ. "ಮೂಗು ನೋಡ್ರಿ ವೈನಿ. ನಮ್ಮ ಮನಿತನದ ಮೂಗು."

ಅವಳ ಕಣ್ಣು ತುಂಬಿಬಿಟ್ಟವು. ನನ್ನವೂ ತುಂಬಿದವು. ಅಂತೂ ನಗು ಸಿಕ್ಕಿತು ಎನಿಸಿತು. ನಾನೇ ನಾಲ್ಕೂ ಮೂಲೆ ಎಳೆದೆ. ತಲೆಯ ಮೇಲೆ ಜಾಗ ಬಿಟ್ಟೆ. ಸ್ವಲ್ಪ ಕಾಳು ಕಾಳಾಗಿ ಬಂತು, ಆದರೂ ಚಂದವಿತ್ತು. ತಿಥಿಯ ದಿನ, ಹೊತ್ತು, ಎಲ್ಲರೂ ಬರಬೇಕೆಂಬ ಮಾತು ಬರೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ.

ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ವಿಜಯಪುರದ ಕಾಕಾ, "ಎಂಥಾ ತೇಜಸ್ಸು! ದೇವರಂಥಾ ಮನಷ್ಯಾ" ಎಂದು ಬರೆದರು. ನಾದಿನಿಯ ಗಂಡನೂ ತಮ್ಮ ಆಫೀಸಿನಿಂದ ಕೈಮುಗಿದು, "ಭಾಳ ನೆನಪಾಗ್ತದ" ಎಂದು ಬರೆದರು. ಸ್ವಲ್ಪ ಹೊತ್ತಿಗೆ ಅವರದೇ ಫೋನು ಬಂತು.

"ವೈನಿ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಈಗ ಚಾಳೀಸ ಹಾಕ್ಕೊಂಡು ನೋಡಿದೆ. ಆ ಫೋಟೋದಾಗ ಮುಂದಿನ ಹಲ್ಲು ಅರ್ಧಾ ಮುರದದ ಅಲ್ರಿ?"

"ಹೌದ್ರಿ..." ಎಂದೆ. ಹೇಳುತ್ತಲೇ ಹೊಳೆಯಿತು. ನನ್ನ ಗಂಡನ ಹಲ್ಲು ಯಾವುದೂ ಮುರಿದಿರಲಿಲ್ಲ.

"ಅದು ನಂದ್ರಿ, ವೈನಿ. ನಾ ಇನ್ನೂ ಇದ್ದೀನ್ರಿ."

ನಾದಿನಿಗೆ ಸೋದರತ್ತೆಯ ಮಗನೇ ಗಂಡ. ಆ ಮನೆತನದ ಮೂಗು ಅಜ್ಜಿಯಿಂದ ನನ್ನ ಗಂಡನಿಗೂ ಅವರಿಗೂ ಬಂದಿತ್ತು. ಮೇಲೆ ಅರಿಶಿನ. ಮೆಟ್ಟಿಲ ಬುಡದ ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಣ್ಣದ ತಲೆವಸ್ತ್ರ. ನಾದಿನಿ ನನ್ನ ಕೈಯಿಂದ ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

"ಅಂದ್ರ ನಾ ಇಷ್ಟೊತ್ತನಕಾ ನಿಮ್ಮನ್ನ ನೋಡಿ ಅತ್ತೀನೇನ್ರಿ?"

"ಅತ್ತರ ಅತ್ತಿ ಬಿಡು. ನಾ ಹ್ವಾದ ಮ್ಯಾಲ ಅಳ್ತೀಯೋ ಇಲ್ಲೋ ಅಂತ ನನಗೂ ಒಂದು ಸಂಶಯ ಇತ್ತು."

"ನಿಮಗ ನೀವ ಕೈ ಮುಗದೀರಲ್ಲ, ನಿಮ್ಮ ಮುಖಾ ನಿಮಗ ಗೊತ್ತಾಗಲಿಲ್ಲೇನು?"

"ಕಾಕಾ ತೇಜಸ್ಸು ಅಂದಿದ್ರಲ್ಲ, ಹಂಗಾರ ನಾ ಅಲ್ಲ ಅಂದ್ಕೊಂಡೆ."

ನಾವಿಬ್ಬರೂ ಅಡುಗೆಮನೆಯ ನೆಲಕ್ಕೆ ಕುಸಿದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗುಂಪಿನಲ್ಲಿ ಇನ್ನೂ ಕೈಗಳು ಮುಗಿಯುತ್ತಲೇ ಇದ್ದವು, ಒಂದೊಂದು ಬಂದಾಗಲೂ ಹೊಸದಾಗಿ ನಕ್ಕೆವು. ಕೊನೆಗೆ ನಾದಿನಿ ಮೂಗೊರೆಸಿಕೊಂಡು ಗುಂಪಿನಿಂದ ಫೋಟೋ ಅಳಿಸಿ, "ಫೋಟೋ ತಪ್ಪಾಗೇದ. ಇವರು ಆರಾಮ ಅದಾರ. ಕ್ಷಮಾ ಇರ್ಲಿ" ಎಂದು ಬರೆದಳು. ಕಾಕಾ ಅದಕ್ಕೂ ಕೈ ಮುಗಿದರು.

ಅವಳು ಹೋದ ಮೇಲೆ ಒಬ್ಬಳೇ ಕುಳಿತೆ. ನಗು ಇಳಿದಿತ್ತು. ಗಂಡನ ಮುಖವೆಂದು ಬೇರೆ ಮುಖ ಕತ್ತರಿಸಿದ್ದೆ. ನಾನು ಹೆದರಿದ್ದು ಇದಕ್ಕೇ. ಹಾಗಾದರೆ ಅವರೆಲ್ಲಿ? ಇಡೀ ಫೋಟೋ ಮತ್ತೆ ತೆರೆದೆ. ಯಾವ ಮುಖವನ್ನೂ ಹಿಗ್ಗಿಸಲಿಲ್ಲ, ಹಾಗೇ ದೂರದಿಂದ ನೋಡಿದೆ. ತೀರ ಎಡಕ್ಕೆ ಒಂದು ಕೈ ಮೇಲೆದ್ದಿತ್ತು. ಮುಷ್ಟಿ ಆಗಷ್ಟೇ ಬಿಚ್ಚಿತ್ತು. ಬಸ್ಸು ನಿಲ್ಲಿಸಲು, ಚಹಾ ಹೇಳಲು, ಆಣೆ ಮಾಡಲು, ಎಲ್ಲಕ್ಕೂ ಹಾಗೆ ಭುಜದಿಂದ ಕೈಯೆತ್ತುವವರು ನನಗೆ ಗೊತ್ತಿದ್ದವರು ಒಬ್ಬರೇ. ಹಿಗ್ಗಿಸಿದೆ. ಅವರೇ. ಕಣ್ಣು ತೆರೆದೇ ಇತ್ತು. ಕೆಳತುಟಿ ಕಚ್ಚಿಕೊಂಡು, ಕಳ್ಳನ ಹಾಗೆ ನಗುತ್ತಿದ್ದರು. ಅದೇ ನಗು! ನಾನು ಮರೆತಿರಲಿಲ್ಲ. ಅಷ್ಟು ಬಾಯಿ ತೆರೆದು ಅವರು ಎಂದೂ ನಗುತ್ತಿರಲೇ ಇಲ್ಲ, ನೋಡಿ! ನಾನು ಒಬ್ಬಳೇ ಮನೆತುಂಬ ಓಡಾಡಿದೆ.

ಅವರು ಅರಿಶಿನ ಎರಚುತ್ತಿದ್ದದ್ದು ನನ್ನ ತಲೆಗೆ. ನಾನು ಅವರ ಪಕ್ಕದಲ್ಲೇ ಬಲಕ್ಕೆ, ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲು ಕುಗ್ಗಿಸಿ ನಿಂತಿದ್ದೆ. ಹಾರ ಹಾಕುವ ಫೋಟೋದಲ್ಲಿ ಬದುಕಿರುವವರು ಇರಬಾರದು. ಚೌಕಟ್ಟಿನ ಬಲಗೆರೆಯನ್ನು ನನ್ನ ಕಿವಿಯ ತನಕ ಎಳೆದು ತಂದೆ, ಇನ್ನೂ ಸ್ವಲ್ಪ ಒಳಗೆ ಎಳೆದು ನನ್ನನ್ನು ತೆಗೆದೆ. ಅವರ ಕೈಯಾಚೆಯ ಅರಿಶಿನದ ಮೋಡವನ್ನು ಮಾತ್ರ ಹಾಗೇ ಬಿಟ್ಟೆ. ಅವರು ನೋಡುತ್ತಿದ್ದದ್ದು ಆ ಕಡೆಗೇ.

ತಿಥಿಯ ದಿನ ಆಫೀಸಿನ ಮುಖವನ್ನು ಗೋಡೆಯಿಂದ ಇಳಿಸಿ ಇದನ್ನು ಹಾಕಿದೆವು. ನಾದಿನಿಯ ಗಂಡ ಹಾರ ಹಾಕುವ ಮೊದಲು ಹತ್ತಿರ ಹೋಗಿ ಹಲ್ಲು ನೋಡಿದರು. "ಈ ಸಲ ನಾ ಅಲ್ಲ," ಎಂದರು. ಎಲ್ಲರೂ ನಕ್ಕರು. ಊಟಕ್ಕೆ ಕುಳಿತ ಕಾಕಾ ಫೋಟೋವನ್ನೇ ದಿಟ್ಟಿಸುತ್ತಿದ್ದರು.

"ಅಲ್ಲಾ, ಇಂವಾ ಯಾರಿಗಿ ಎರಚಾಕತ್ತಾನ?"

"ಅಲ್ಲಿ ನೋಡ್ರಿ, ಹುಗ್ಗಿ ಬಡಸಾಕತ್ತಾರಲ್ಲ," ಎಂದರು ನಾದಿನಿಯ ಗಂಡ, "ಅವರಿಗಿ."

ಪಂಕ್ತಿಯೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿತು. ನಾನು ಸೌಟು ಹಿಡಿದುಕೊಂಡೇ ಫೋಟೋ ನೋಡಿದೆ, ನೋಡಿದವಳು ತಟ್ಟನೆ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿ ಪಕ್ಕಕ್ಕೆ ಸರಿದೆ. ಹುಗ್ಗಿ ಕಾಕಾನ ಧೋತರದ ಮೇಲೆ ಬಿತ್ತು.